ಗೃಹಸ್ಥರ ಯಂತ್ರವಿಚಾರ: ಡಿಸ್ಕನ್ನು ಓದಲೊಲ್ಲದ ಪೆಟ್ಟಿಗೆ

ನಮ್ಮ ವಾಚಕರಲ್ಲೊಬ್ಬರು, ಮಲೆನಾಡಿನ ಕಡೆಯ ಗೃಹಸ್ಥರು, ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮನೆಯಲ್ಲಿ ಅಂಗೈಯಗಲದ ಒಂದು ಹಾರ್ಡ್ ಡಿಸ್ಕು ಇರುವುದು. ಅದರಲ್ಲಿ ಮಗಳ ಮದುವೆಯ ವಿಡಿಯೋ, ಕಾಲವಾದ ತಾಯಿಯವರು ಹೇಳಿದ ಹಸೆಯ ಹಾಡುಗಳು, ಹತ್ತು ಹನ್ನೆರಡು ವರ್ಷಗಳ ಛಾಯಾಚಿತ್ರಗಳು ಎಲ್ಲವೂ ತುಂಬಿರುವುವು. ಹಬ್ಬಕ್ಕೆ ಬಂದ ಮಕ್ಕಳು ಮೊಮ್ಮಕ್ಕಳೆಲ್ಲ ಒಟ್ಟಿಗೆ ಕುಳಿತು ನೋಡಲೆಂದು ಅದನ್ನು ಟೆಲಿವಿಷನ್ನಿನ ಸೆಟ್ ಟಾಪ್ ಬಾಕ್ಸಿಗೆ ಸೇರಿಸಲಾಗಿ, ಚಿತ್ರಗಳಿಗೆ ಬದಲಾಗಿ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತಂತೆ: ಈ ಡಿಸ್ಕನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕೆ? ರಿಮೋಟಿನ 'ಓಕೆ' ಗುಂಡಿಯನ್ನು ಒತ್ತಲೋ ಬೇಡವೋ ಎಂದು ಅವರು ಕೇಳಿರುವರು. ಆ ಡಿಸ್ಕಿನಲ್ಲಿರುವುದಕ್ಕೆ ಬೇರೆ ಪ್ರತಿ ಇಲ್ಲವೆಂದೂ ತಿಳಿಸಿರುವರು.

ಒತ್ತಕೂಡದು. ಉಳಿದ ವಿಚಾರವನ್ನೆಲ್ಲ ಸಾವಕಾಶವಾಗಿ ಹೇಳಬಹುದು. ಈ ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುವುದು ನಮ್ಮ ಕರ್ತವ್ಯ. ಫಾರ್ಮ್ಯಾಟ್ ಎಂಬ ಶಬ್ದವು ಕಿವಿಗೆ ನಿರುಪದ್ರವಿಯಾಗಿ ತೋರುವುದು. ಡಿಸ್ಕನ್ನು ಸರಿಪಡಿಸುವ ಯಾವುದೋ ಉಪಚಾರವೆಂದು ಅನೇಕರು ಭಾವಿಸಿರುವರು. ನಿಜವಾಗಿ ಅದು ಡಿಸ್ಕಿನಲ್ಲಿರುವ ವಿಷಯಸೂಚಿಕೆಯನ್ನು ತೆಗೆದುಹಾಕಿ, ಅಂಗಡಿಯಿಂದ ಈಗ ತಂದ ಖಾಲಿ ಪುಸ್ತಕವನ್ನು ತೆರೆದಂತೆ ಮೊದಲ ಪುಟದಿಂದ ಬರೆಯಲಾರಂಭಿಸುವ ಕ್ರಿಯೆ. ಪೆಟ್ಟಿಗೆಯು ಆಗ ಕೇಳುತ್ತಿರುವುದು 'ಅಳಿಸಲೆ?' ಎಂಬ ಪ್ರಶ್ನೆಯನ್ನೇ. ಇದನ್ನು ಮನೆಯಲ್ಲಿ ಚಿಕ್ಕವರು ದೊಡ್ಡವರೆಲ್ಲರೂ ತಿಳಿದಿರತಕ್ಕದ್ದು. ಯಾತಕ್ಕೆಂದರೆ ರಿಮೋಟು ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುವುದೆಂದು ಹೇಳಲಾಗದು.

ಇನ್ನು ಪೆಟ್ಟಿಗೆಯ ಸ್ವಭಾವವನ್ನು ವಿಚಾರಿಸೋಣ. ಸೆಟ್ ಟಾಪ್ ಬಾಕ್ಸು ಪಟ್ಟಣದ ಕೇಬಲ್ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ಕಾನೂನಿನ ಮೂಲಕ. ಕೇಬಲ್ ಟೆಲಿವಿಷನ್ನನ್ನು ಡಿಜಿಟಲ್ ಕ್ರಮಕ್ಕೆ ತಿರುಗಿಸಬೇಕೆಂಬ ಕಟ್ಟಳೆಯ ಎರಡನೆಯ ಹಂತದಲ್ಲಿ ಬೆಂಗಳೂರು ಮೈಸೂರುಗಳಿಗೆ 2013ನೆಯ ಇಸವಿ ಮಾರ್ಚ್ 31ರ ಗಡುವನ್ನು ವಿಧಿಸಿದ್ದರು. ಸಂಕೇತರೂಪವಾಗಿ ಬಂದ ಕಾರ್ಯಕ್ರಮವನ್ನು ಬಿಡಿಸಿ ಪರದೆಗೆ ಒಪ್ಪಿಸುವುದೇ ಈ ಪೆಟ್ಟಿಗೆಯ ಮುಖ್ಯ ಕೆಲಸ. ಹಿಂಬದಿಯಲ್ಲೋ ಮಗ್ಗುಲಲ್ಲೋ ಇರುವ ಯು.ಎಸ್.ಬಿ. ಕಿಂಡಿ ಅದಕ್ಕೊಂದು ಉಪಾಂಗ ಮಾತ್ರ. ಕೆಲವು ಪೆಟ್ಟಿಗೆಗಳಲ್ಲಿ ಆ ಕಿಂಡಿಯು ಚಿತ್ರ ನೋಡುವುದಕ್ಕಾಗಿಯೇ ಇರುವುದಿಲ್ಲ. ರಿಪೇರಿಯವರು ಪೆಟ್ಟಿಗೆಯೊಳಗಿನ ತಂತ್ರಾಂಶವನ್ನು ಬದಲಾಯಿಸುವುದಕ್ಕೆ ಮಾತ್ರ ಅದನ್ನು ಇಟ್ಟಿರುವರು. ಮತ್ತೆ ಕೆಲವುಗಳಲ್ಲಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವುದಕ್ಕೆ ಮಾತ್ರ ಉಪಯೋಗವಾಗುವುದು. ಆದಕಾರಣ ಪೆಟ್ಟಿಗೆಯೊಡನೆ ಬಂದ ಕೈಪಿಡಿಯನ್ನು ಹುಡುಕಿ ಓದುವುದೇ ಪ್ರಥಮ ಕಾರ್ಯ. ಕಿಂಡಿಯ ಪ್ರಯೋಜನವೇನು, ಯಾವ ಬಗೆಯ ಡಿಸ್ಕನ್ನು ಅದು ಒಪ್ಪುವುದು, ಎಷ್ಟು ದೊಡ್ಡದನ್ನು ಒಪ್ಪುವುದು, ಎಂಬ ಮೂರು ಸಂಗತಿಗಳನ್ನು ಅದರಲ್ಲಿ ನೋಡಬೇಕು.

ಡಿಸ್ಕನ್ನು ಪೆಟ್ಟಿಗೆಯು ಅಂಗೀಕರಿಸುವ ಕ್ರಿಯೆಗೆ ಯಂತ್ರಜ್ಞರು 'ಮೌಂಟ್' ಎನ್ನುವರು, ಅಂದರೆ ಏರಿಸುವುದು. ಹಿಂದಿನ ಕಾಲದ ದೊಡ್ಡ ಕಂಪ್ಯೂಟರುಗಳಲ್ಲಿ ಟೇಪಿನ ಸುರುಳಿಗಳನ್ನು ಆಳುಗಳು ಕೈಯಾರೆ ಯಂತ್ರದ ಮೇಲೆ ಏರಿಸುತ್ತಿದ್ದುದರಿಂದ ಈ ಹೆಸರು ಉಳಿದುಬಂದಿರುವುದು. ಈಗ ಯಂತ್ರವೇ ಆ ಕೆಲಸವನ್ನು ಮಾಡಿಕೊಳ್ಳುವುದು: ಮೊದಲು ಡಿಸ್ಕಿಗೆ ವಿದ್ಯುತ್ತನ್ನು ಕೊಟ್ಟು ತಿರುಗಿಸುವುದು; ಆಮೇಲೆ ಅದರ ಭಾಗಗಳ ಪಟ್ಟಿಯನ್ನು ನೋಡುವುದು; ಕಡೆಗೆ ಬೇಕಾದ ಭಾಗದ ವಿಷಯಸೂಚಿಕೆಯನ್ನು ಓದುವುದು. ಈ ಮೂರರಲ್ಲಿ ಯಾವುದು ತಪ್ಪಿದರೂ ಪೆಟ್ಟಿಗೆಯು 'ಓದಲಾಗುತ್ತಿಲ್ಲ' ಎಂಬ ಒಂದೇ ಮಾತನ್ನು ಹೇಳುವುದು. ರೋಗಗಳು ಮೂರು, ನರಳುವ ಧ್ವನಿ ಒಂದೇ, ತೊಡಕಿರುವುದು ಇಲ್ಲಿ.

ಮೂರನೆಯ ರೋಗವೇ ಹೆಚ್ಚಾಗಿ ಕಾಣತಕ್ಕದ್ದಾದುದರಿಂದ ಅದಕ್ಕೊಂದು ದೃಷ್ಟಾಂತವನ್ನು ಹೇಳುವೆವು. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಲ್ಲಿ ಮಾತ್ರ ಉಳಿದಿದ್ದುದನ್ನೂ, 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ಓಲೆಪ್ರತಿಯನ್ನು ಗುರುತಿಸಿದುದನ್ನೂ, 1909ರಲ್ಲಿ ಅದು ಅಚ್ಚಾದುದನ್ನೂ ನಮ್ಮ ವಾಚಕರು ಬಲ್ಲರು. ಆ ಓಲೆಯ ಭಾಷೆ ಸಂಸ್ಕೃತ, ಲಿಪಿ ಗ್ರಂಥಲಿಪಿ. ನಾಗರಿಯೊಂದನ್ನೇ ಕಲಿತ ವಿದ್ವಾಂಸನ ಕೈಗೆ ಅದನ್ನು ಕೊಟ್ಟಿದ್ದರೆ, ಆತನು ಸಂಸ್ಕೃತದಲ್ಲಿ ಎಷ್ಟೇ ಪಂಡಿತನಾಗಿದ್ದರೂ ಒಂದು ಪಂಕ್ತಿಯನ್ನೂ ಓದಲಾರನಾಗುತ್ತಿದ್ದನು. ಆದರೂ ವಿವೇಕಿಯಾದವನು ಲಿಪಿ ಬಲ್ಲವರನ್ನು ಹುಡುಕಿಸುತ್ತಿದ್ದನೇ ಹೊರತು, ತನಗೆ ಓದಲು ಬಾರದ ಓಲೆಯು ಖಾಲಿಯೆಂದು ಹೇಳಿ ಅದನ್ನು ಹೆರೆದು ಹೊಸ ಬರೆಹಕ್ಕೆ ಅಣಿಮಾಡುತ್ತಿರಲಿಲ್ಲ. ಸೆಟ್ ಟಾಪ್ ಬಾಕ್ಸಿಗೆ ಈ ವಿವೇಕವಿಲ್ಲ. ತನಗೆ ತಿಳಿಯದ ಲಿಪಿಯ ಡಿಸ್ಕಿಗೂ ನಿಜವಾಗಿ ಖಾಲಿಯಾದ ಡಿಸ್ಕಿಗೂ ಅದು ಭೇದವನ್ನು ಕಾಣಲಾರದು. ಎರಡನ್ನೂ ಅಳಿಸಲು ಒಂದೇ ಸ್ವರದಲ್ಲಿ ಅಪ್ಪಣೆ ಬೇಡುವುದು. ಆ ವಿವೇಕವನ್ನು ಗುಂಡಿಯ ಮೇಲೆ ಬೆರಳಿಟ್ಟಿರುವ ಗೃಹಸ್ಥನೇ ಒದಗಿಸಬೇಕು.

ಹಾಗಾದರೆ ಮೂರು ರೋಗಗಳಲ್ಲಿ ತನ್ನ ಡಿಸ್ಕಿನದು ಯಾವುದೆಂದು ತಿಳಿಯುವ ಬಗೆ ಹೇಗೆ? ವೈದ್ಯಶಾಸ್ತ್ರದವರು ಚಿಕಿತ್ಸೆಗೆ ಮೊದಲು ನಿದಾನವನ್ನು ಹೇಳಿರುವರು. ಕಾರಣವನ್ನು ನಿಶ್ಚಯಿಸುವುದಕ್ಕೆ ತರ್ಕಶಾಸ್ತ್ರದವರು ಅನ್ವಯ ವ್ಯತಿರೇಕಗಳೆಂಬ ಎರಡು ದಾರಿಗಳನ್ನು ತೋರಿಸಿರುವರು. ಇದಿದ್ದರೆ ಅದಿರುವುದು ಎಂಬುದು ಅನ್ವಯ. ಇದಿಲ್ಲದಿದ್ದರೆ ಅದಿಲ್ಲ ಎಂಬುದು ವ್ಯತಿರೇಕ. ಇವೆರಡೇ ಇಲ್ಲಿಯೂ ಸಾಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕೆಂಬುದು ಇದರ ನಿಯಮ. ಕೇಬಲ್ಲು, ಕಿಂಡಿ, ಡಿಸ್ಕು ಮೂರನ್ನೂ ಒಮ್ಮೆಗೇ ಬದಲಾಯಿಸಿದವನಿಗೆ ಕೆಲಸವು ಕೈಗೂಡಿದರೂ ಕಾರಣವು ತಿಳಿಯುವುದಿಲ್ಲ. ಮುಂದಿನ ಹಬ್ಬಕ್ಕೆ ಪುನಃ ಅದೇ ಗೋಳು. ಅಲ್ಲದೆ ಹಾನಿಯಿಲ್ಲದ ಪರೀಕ್ಷೆಗಳನ್ನೆಲ್ಲ ಮುಗಿಸಿದ ಮೇಲೆಯೇ ಹಾನಿಗೆ ಎಡೆಯುಳ್ಳ ಕ್ರಿಯೆಗೆ ಕೈಹಾಕತಕ್ಕದ್ದು.

ಮೊದಲನೆಯದು ವಿದ್ಯುತ್ತಿನ ಪರೀಕ್ಷೆ. ಡಿಸ್ಕನ್ನು ಸೇರಿಸಿದಾಗ ಅದರ ಸಣ್ಣ ದೀಪ ಹತ್ತುವುದೆ? ಕಿವಿಗೆ ಹಿಡಿದರೆ ಒಂದೇ ಸಮನಾಗಿ ತಿರುಗುವ ಮೆಲುದನಿ ಕೇಳುವುದೆ? ಯು.ಎಸ್.ಬಿ. 2.0 ಎಂಬ ಹಳೆಯ ಕ್ರಮದ ಕಿಂಡಿಯು 5 ವೋಲ್ಟಿನಲ್ಲಿ 500 ಮಿಲಿಆಂಪಿಯರು ಕೊಡಬೇಕೆಂದು ವಿಧಿಯಿರುವುದು, 3.0 ಎಂಬ ಕ್ರಮದಲ್ಲಿ 900 ಮಿಲಿಆಂಪಿಯರು. ಅಂಗೈಯಗಲದ ಡಿಸ್ಕುಗಳು, ಅಂದರೆ ಎರಡೂವರೆ ಅಂಗುಲದವು, ನಿಂತ ಸ್ಥಿತಿಯಿಂದ ತಿರುಗಲಾರಂಭಿಸುವ ಕೆಲವು ಕ್ಷಣಗಳಲ್ಲಿ ಇದಕ್ಕಿಂತ ಹೆಚ್ಚನ್ನು ಬೇಡುವುದುಂಟು. ಪೆಟ್ಟಿಗೆಯು ಅಷ್ಟನ್ನು ಕೊಡಲಾರದೆ ಹೋದರೆ ಡಿಸ್ಕು ಏಳುವುದು, ಬೀಳುವುದು, ಮತ್ತೆ ಏಳುವುದು. ಟಕ್ ಟಕ್ ಎಂಬ ಸದ್ದು ಕೇಳುವುದು. ಆ ಸದ್ದು ಕೇಳಿದೊಡನೆಯೇ ಡಿಸ್ಕನ್ನು ಬಿಡಿಸಿಬಿಡಬೇಕು. ಡಿಸ್ಕಿನೊಡನೆ ಬಂದ ಗಿಡ್ಡನೆಯ ಕೇಬಲ್ಲನ್ನೇ ಉಪಯೋಗಿಸಿ ನೋಡುವುದು ಒಂದು ಉಪಾಯ. ಉದ್ದನೆಯ ತೆಳು ಕೇಬಲ್ಲುಗಳಲ್ಲಿ ವಿದ್ಯುತ್ತಿನ ಒತ್ತಡವು ಕಡಿಮೆಯಾಗುವುದು. ಸ್ವಂತ ಅಡಾಪ್ಟರುಳ್ಳ ಯು.ಎಸ್.ಬಿ. ಹಬ್ಬನ್ನು ನಡುವೆ ಸೇರಿಸುವುದು ಮತ್ತೊಂದು. ಮೇಜಿನ ಮೇಲಿಡುವ ಮೂರೂವರೆ ಅಂಗುಲದ ದೊಡ್ಡ ಡಿಸ್ಕುಗಳಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರಿರುವುದರಿಂದ ಅವುಗಳಿಗೆ ಈ ಕಷ್ಟವಿಲ್ಲ. ಅಡಾಪ್ಟರಿನ ಸ್ವಿಚ್ಚನ್ನು ಹಾಕಿದೆಯೇ ಎಂದು ನೋಡಿದರೆ ಸಾಕು.

ಎರಡನೆಯದಾಗಿ ಅನ್ವಯ ವ್ಯತಿರೇಕಗಳ ಪರೀಕ್ಷೆ. ಡಿಸ್ಕನ್ನು ಅದೇ ಕೇಬಲ್ಲಿನಿಂದ ಒಂದು ಕಂಪ್ಯೂಟರಿಗೆ ಸೇರಿಸಿ ನೋಡಬೇಕು. ಅಲ್ಲಿ ಚಿತ್ರಗಳೆಲ್ಲ ತೆರೆದರೆ ಡಿಸ್ಕೂ ಕೇಬಲ್ಲೂ ನಿರ್ದೋಷಿಗಳು. ಆಗ ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಇರುವುದೆಲ್ಲವನ್ನೂ ಕಂಪ್ಯೂಟರಿಗೋ ಬೇರೊಂದು ಡಿಸ್ಕಿಗೋ ಪ್ರತಿಮಾಡಿಕೊಳ್ಳುವುದು. ಪರೀಕ್ಷೆಯನ್ನು ಮುಂದುವರಿಸುವುದು ಅದರ ತರುವಾಯ. ಕಂಪ್ಯೂಟರಿನಲ್ಲಿಯೂ ತೆರೆಯದೆ, ಅದೂ ಫಾರ್ಮ್ಯಾಟ್ ಮಾಡಲೆ ಎಂದು ಕೇಳಿದರೆ, ಅಲ್ಲಿಯೂ ಬೇಡವೆಂದೇ ಹೇಳಿ, ಮತ್ತೊಂದು ಕೇಬಲ್ಲಿನಿಂದ ಮತ್ತೊಂದು ಕಂಪ್ಯೂಟರಿನಲ್ಲಿ ಒಮ್ಮೆ ನೋಡಬಹುದು. ಆಗಲೂ ತೆರೆಯದಿದ್ದರೆ ದೋಷವು ಡಿಸ್ಕಿನಲ್ಲಿಯೇ ಇರುವ ಸಂಭವ ಹೆಚ್ಚು. ಪದೇ ಪದೇ ಸೇರಿಸಿ ಬಿಡಿಸಿ ಅದನ್ನು ದಣಿಸದೆ, ಹಾಳಾದ ಡಿಸ್ಕುಗಳಿಂದ ವಿಷಯವನ್ನು ತೆಗೆದುಕೊಡುವ ಕಸಬಿನವರಿಗೆ ಒಪ್ಪಿಸುವುದು ಮೇಲು.

ಇನ್ನು ಪೆಟ್ಟಿಗೆಯ ಸರದಿ. 32 ಜಿಬಿಯ ಅಥವಾ ಅದಕ್ಕಿಂತ ಚಿಕ್ಕದಾದ ಒಂದು ಪೆನ್‌ಡ್ರೈವಿನಲ್ಲಿ ಒಂದೇ ಒಂದು ಛಾಯಾಚಿತ್ರವನ್ನು ಹಾಕಿ ಪೆಟ್ಟಿಗೆಗೆ ಸೇರಿಸಬೇಕು. ಅದು ಕಂಡರೆ ಕಿಂಡಿಯು ಸರಿಯಾಗಿರುವುದು. ಅದೂ ಕಾಣದಿದ್ದರೆ ಪೆಟ್ಟಿಗೆಯ ವಿದ್ಯುತ್ತನ್ನು ತೆಗೆದು, ಕೆಲವು ನಿಮಿಷಗಳ ಮೇಲೆ ಪುನಃ ಕೊಟ್ಟು ನೋಡಬೇಕು. ಆಮೇಲೂ ಕಾಣದಿದ್ದರೆ ಆ ಕಿಂಡಿಯು ಇಂಥ ಉಪಯೋಗಕ್ಕೆ ತೆರೆದದ್ದೇ ಅಲ್ಲವೋ ಏನೋ ಎಂದು ಕೇಬಲಿನವರನ್ನು ವಿಚಾರಿಸಬೇಕು. ಡಿಸ್ಕೂ ಸರಿ, ಕಿಂಡಿಯೂ ಸರಿ, ದೀಪವೂ ಉರಿಯುವುದು, ಆದರೂ ಇವೆರಡೂ ಕೂಡಿದಾಗ ಕೆಲಸವಾಗದೆಂದರೆ, ದೋಷವು ಲಿಪಿಯಲ್ಲಿರುವುದೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು.

ಡಿಸ್ಕಿನ ಲಿಪಿಗೆ ಫೈಲ್ ಸಿಸ್ಟಂ ಎಂದು ಹೆಸರು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣತಕ್ಕವು ಮೂರು. 1996ರಲ್ಲಿ ಬಂದ ಫ್ಯಾಟ್ 32 ಎಂಬುದನ್ನು ಹೆಚ್ಚುಕಡಮೆ ಎಲ್ಲ ಯಂತ್ರಗಳೂ ಓದುವುವು. ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ಇಡಲಾಗದು. 1993ರಲ್ಲಿ ಬಂದ ಎನ್.ಟಿ.ಎಫ್.ಎಸ್. ಎಂಬುದು ವಿಂಡೋಸ್ ಕಂಪ್ಯೂಟರುಗಳ ಸ್ವಂತ ಲಿಪಿ. ಅದಕ್ಕೆ ಈ ಮಿತಿಯಿಲ್ಲ, ಆದರೆ ಅದನ್ನು ಓದದ ಪೆಟ್ಟಿಗೆಗಳುಂಟು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಎಂಬುದು ಪೆನ್‌ಡ್ರೈವು, ಕ್ಯಾಮರಾ ಮುಂತಾದುವುಗಳಿಗಾಗಿ ಕಲ್ಪಿತವಾದುದು. ಮೈಕ್ರೋಸಾಫ್ಟ್ ಸಂಸ್ಥೆಯವರು ಅದರ ಪೂರ್ಣ ವಿವರಣೆಯನ್ನು ಎಲ್ಲರಿಗೂ ತೆರೆದಿಟ್ಟುದು 2019ರಲ್ಲಿ. ಆದುದರಿಂದ ಅದಕ್ಕೆ ಹಿಂದಿನ ಅನೇಕ ಪೆಟ್ಟಿಗೆಗಳಿಗೆ ಆ ಲಿಪಿಯ ಪರಿಚಯವಿಲ್ಲ. ಇವಲ್ಲದೆ ಆಪಲ್ ಕಂಪ್ಯೂಟರುಗಳಲ್ಲಿ ಸಿದ್ಧಪಡಿಸಿದ ಡಿಸ್ಕುಗಳಿಗೆ ಬೇರೆಯೇ ಲಿಪಿಗಳಿರುವುವು. ಅಮೆರಿಕದಿಂದ ಬಂದ ಮಗನು ತಂದುಕೊಟ್ಟ ಡಿಸ್ಕು ಊರಿನ ಪೆಟ್ಟಿಗೆಯಲ್ಲಿ ತೆರೆಯದಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಡಿಸ್ಕಿನ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ 'ಪ್ರಾಪರ್ಟೀಸ್' ಎಂಬುದನ್ನು ಆರಿಸಿದರೆ, ಫೈಲ್ ಸಿಸ್ಟಂ ಯಾವುದೆಂದು ಬರೆದಿರುವುದು. ಅದನ್ನು ಕೈಪಿಡಿಯೊಡನೆ ಹೋಲಿಸಿ ನೋಡಿದರೆ ಸಂಶಯ ಪರಿಹಾರವಾಗುವುದು.

ಲಿಪಿಯು ಸರಿಯಾಗಿದ್ದೂ ತೆರೆಯದ ಸಂದರ್ಭಗಳು ಮೂರು ಉಂಟು. ಮೊದಲನೆಯದು ಡಿಸ್ಕಿನ ಗಾತ್ರ. ಡಿಸ್ಕಿನ ಭಾಗಗಳ ಪಟ್ಟಿಯನ್ನು ಬರೆಯುವ ಹಳೆಯ ಕ್ರಮಕ್ಕೆ ಎಂ.ಬಿ.ಆರ್. ಎಂದೂ ಹೊಸ ಕ್ರಮಕ್ಕೆ ಜಿ.ಪಿ.ಟಿ. ಎಂದೂ ಹೆಸರು. ಹಳೆಯ ಕ್ರಮವು ಸಾಮಾನ್ಯವಾಗಿ 2 ಟಿಬಿಯ ಆಚೆಗೆ ಎಣಿಸಲಾರದು. ಆದ್ದರಿಂದ ಅದಕ್ಕಿಂತ ದೊಡ್ಡ ಡಿಸ್ಕುಗಳನ್ನು ಹೊಸ ಕ್ರಮದಲ್ಲಿ ಸಿದ್ಧಪಡಿಸುವರು. ಹಳೆಯ ಪೆಟ್ಟಿಗೆಗಳಿಗೆ ಅದು ತಿಳಿಯದೆ ಹೋಗಬಹುದು. ಎರಡನೆಯದು, ಡಿಸ್ಕಿಗೆ ಗುಪ್ತಪದದ ಬೀಗ ಹಾಕಿರುವುದು. ಬೀಗದ ಗುಪ್ತಪದವನ್ನು ಕೇಳುವ ಶಕ್ತಿ ಪೆಟ್ಟಿಗೆಗೆ ಇಲ್ಲವಾಗಿ, ಅದಕ್ಕೆ ಒಳಗಿರುವುದೆಲ್ಲ ಅರ್ಥವಿಲ್ಲದ ಗೀಟುಗಳಾಗಿ ತೋರುವುದು.

ಮೂರನೆಯದು ಕಂಪ್ಯೂಟರಿನಿಂದ ಡಿಸ್ಕನ್ನು ಹೇಳದೆ ಕೇಳದೆ ಕಿತ್ತಿರುವುದು. ಬರೆಯುತ್ತಿರುವಾಗ ಹಾಗೆ ಕಿತ್ತರೆ ವಿಷಯಸೂಚಿಕೆಯು ಅರೆಬರೆಯಾಗಿ ನಿಲ್ಲುವುದು. ಕಂಪ್ಯೂಟರು ಅದರ ಮೇಲೆ 'ಪರೀಕ್ಷೆ ಬಾಕಿ' ಎಂಬ ಗುರುತನ್ನು ಇಟ್ಟಿರುವುದು. ಆ ಗುರುತನ್ನು ಕಂಡ ಕೆಲವು ಪೆಟ್ಟಿಗೆಗಳು ಡಿಸ್ಕನ್ನು ಮುಟ್ಟವು. ಈ ದೋಷಕ್ಕೆ ಪರಿಹಾರ ಸುಲಭ. ಮೇಲೆ ಹೇಳಿದಂತೆ ಪ್ರತಿಯನ್ನು ಮಾಡಿಕೊಂಡು, ವಿಂಡೋಸ್ ಕಂಪ್ಯೂಟರಿನಲ್ಲಿ ಅದೇ 'ಪ್ರಾಪರ್ಟೀಸ್' ಕಿಟಕಿಯ 'ಟೂಲ್ಸ್' ಭಾಗದಲ್ಲಿರುವ 'ಚೆಕ್' ಎಂಬುದನ್ನು ನಡೆಸಿ, ಮುಗಿದ ಮೇಲೆ 'ಇಜೆಕ್ಟ್' ಎಂಬುದನ್ನು ಒತ್ತಿ ಕ್ರಮವಾಗಿ ಬಿಡಿಸಿದರೆ ಡಿಸ್ಕು ಪೆಟ್ಟಿಗೆಯಲ್ಲಿ ತೆರೆಯುವ ಸಂಭವವುಂಟು. ಈ ಪರೀಕ್ಷೆಯು ಸೂಚಿಕೆಯನ್ನು ತಿದ್ದುವ ಕ್ರಿಯೆಯಾದುದರಿಂದಲೇ ಪ್ರತಿಯನ್ನು ಮೊದಲು ಮಾಡಿಕೊಳ್ಳಿರೆಂದು ಹೇಳಿರುವೆವು.

ಲಿಪಿಯೇ ಹೊಂದದು ಎಂದಾದಲ್ಲಿ ಗತಿಯೇನು? ಪೆಟ್ಟಿಗೆಗೆ ಹೊಸ ಲಿಪಿಯನ್ನು ಕಲಿಸುವುದು ಗೃಹಸ್ಥನಿಂದ ಆಗತಕ್ಕದ್ದಲ್ಲ. ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ, ನೋಡಬೇಕೆಂದಿರುವ ಕೆಲವನ್ನು ಮಾತ್ರ ಕಂಪ್ಯೂಟರಿನ ಮೂಲಕ ಫ್ಯಾಟ್ 32 ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು. ಡಿಸ್ಕು ಮುಟ್ಟದೆ ಉಳಿಯುವುದು, ಹಬ್ಬವೂ ಸಾಗುವುದು. ಮದುವೆಯ ವಿಡಿಯೋ 4 ಜಿಬಿಯನ್ನು ಮೀರಿದ್ದರೆ, ಕಂಪ್ಯೂಟರನ್ನೇ ಎಚ್.ಡಿ.ಎಂ.ಐ. ಕೇಬಲ್ಲಿನಿಂದ ಟೆಲಿವಿಷನ್ನಿಗೆ ಸೇರಿಸಿ ನೋಡಬಹುದು. ಟೆಲಿವಿಷನ್ನಿಗೇ ಯು.ಎಸ್.ಬಿ. ಕಿಂಡಿಯಿದ್ದರೆ ಡಿಸ್ಕನ್ನು ನೇರವಾಗಿ ಅದಕ್ಕೆ ಸೇರಿಸಿಯೂ ಪರೀಕ್ಷಿಸಬಹುದು. ಪೆಟ್ಟಿಗೆ ಓದದ ಲಿಪಿಯನ್ನು ಟೆಲಿವಿಷನ್ನು ಓದುವುದುಂಟು. ಅದೂ ಫಾರ್ಮ್ಯಾಟಿನ ಮಾತೆತ್ತಿದರೆ ಉತ್ತರವು ಮೊದಲಿನದೇ.

ಪೆಟ್ಟಿಗೆಗೆ ಹೊಂದುವಂತೆ ಡಿಸ್ಕಿನ ಲಿಪಿಯನ್ನೇ ಬದಲಾಯಿಸಬೇಕೆಂದು ನಿಶ್ಚಯಿಸಿದವರು ಈ ಕ್ರಮವನ್ನು ಬಿಡಕೂಡದು: ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡುವುದು, ಪ್ರತಿಯಿಂದ ಅಲ್ಲಲ್ಲಿ ಹತ್ತಿಪ್ಪತ್ತು ಫೈಲುಗಳನ್ನು ತೆರೆದು ಕಣ್ಣಾರೆ ನೋಡುವುದು, ಮೂಲ ಡಿಸ್ಕನ್ನು ಕಂಪ್ಯೂಟರಿನಲ್ಲಿ ಕೈಪಿಡಿ ಹೇಳಿದ ಲಿಪಿಗೆ ಫಾರ್ಮ್ಯಾಟ್ ಮಾಡುವುದು, ಪುನಃ ತುಂಬಿಸುವುದು. ಪ್ರತಿಯಾಯಿತೆಂದು ಯಂತ್ರ ಹೇಳಿದ ಮಾತ್ರಕ್ಕೆ ನಂಬದೆ ತೆರೆದು ನೋಡುವುದೇ ಇದರಲ್ಲಿ ಮುಖ್ಯವಾದ ಹೆಜ್ಜೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಸೇರಿಸಬೇಕಾಗಿದೆ. ಡಿಸ್ಕಿನ ಹೆಸರೂ ಫೈಲುಗಳ ಪಟ್ಟಿಯೂ ಪರದೆಯ ಮೇಲೆ ಕಂಡು, ಯಾವುದೋ ಒಂದು ವಿಡಿಯೋ ಮಾತ್ರ ನಡೆಯದಿದ್ದರೆ, ಅದು ಬೇರೆ ರೋಗ. ಡಿಸ್ಕು ಅಂಗೀಕೃತವಾಗಿರುವುದು, ಆ ವಿಡಿಯೋ ಕಟ್ಟಿರುವ ಕ್ರಮ ಮಾತ್ರ ಪೆಟ್ಟಿಗೆಗೆ ತಿಳಿಯದು. ಅದಕ್ಕಾಗಿ ಡಿಸ್ಕಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಎರಡನೆಯದಾಗಿ, ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಪೆಟ್ಟಿಗೆಗಳು ಡಿಸ್ಕನ್ನು ತಮ್ಮ ಸ್ವಂತ ಲಿಪಿಗೆ ತಿರುಗಿಸಿಕೊಳ್ಳುವುದೂ, ಮುದ್ರಿಸಿದುದನ್ನು ಆ ಪೆಟ್ಟಿಗೆಯೊಂದೇ ಬಿಡಿಸಬಲ್ಲ ಸಂಕೇತದಲ್ಲಿ ಇಡುವುದೂ ಉಂಟು. ಅಂಥ ಡಿಸ್ಕು ಕಂಪ್ಯೂಟರಿನಲ್ಲಿ ತೆರೆಯದು. ಪೆಟ್ಟಿಗೆ ಕೆಟ್ಟು ಹೊಸದು ಬಂದರೆ ಅದರಲ್ಲಿಯೂ ತೆರೆಯದೆ ಹೋಗಬಹುದು. ಆದಕಾರಣ ಪೆಟ್ಟಿಗೆಗೆಂದು ಒಂದು ಡಿಸ್ಕು, ಮನೆಯ ನೆನಪುಗಳಿಗೆಂದು ಮತ್ತೊಂದು ಡಿಸ್ಕು ಇರತಕ್ಕದ್ದು, ಇವೆರಡನ್ನೂ ಕೂಡಿಸಕೂಡದು.

ಅರಿಯದೆ ಗುಂಡಿಯನ್ನು ಆಗಲೇ ಒತ್ತಿಬಿಟ್ಟಿರುವವರು ನಿರಾಶರಾಗಬೇಕಾದುದಿಲ್ಲ. ಬೇಗ ಮುಗಿಯುವ ಬಗೆಯ ಫಾರ್ಮ್ಯಾಟು ಸಾಮಾನ್ಯವಾಗಿ ಸೂಚಿಕೆಯನ್ನು ಮಾತ್ರ ಹೊಸದಾಗಿ ಬರೆಯುವುದು. ಒಳಗಿನ ಪುಟಗಳು ಅವುಗಳ ಮೇಲೆ ಹೊಸ ಬರೆಹ ಬೀಳುವ ತನಕ ಉಳಿದಿರುವುವು. ತಕ್ಷಣವೇ ಡಿಸ್ಕನ್ನು ಬಿಡಿಸಿ, ಅದರ ಮೇಲೆ ಒಂದು ಅಕ್ಷರವನ್ನೂ ಬರೆಯದೆ, ಹೊಸ ಕಾರ್ಯಕ್ರಮವನ್ನು ಮುದ್ರಿಸದೆ, ಬಲ್ಲವರಲ್ಲಿಗೆ ಒಯ್ದರೆ ಬಹಳಷ್ಟು ಹಿಂದಿರುಗಿ ಬರಬಹುದು. ಆದರೆ ಆ ಕೆಲಸದ ಕೂಲಿ ಹೊಸ ಡಿಸ್ಕಿನ ಬೆಲೆಗಿಂತ ಹೆಚ್ಚಾಗುವುದೇ ವಾಡಿಕೆ, ಮತ್ತು ಎಲ್ಲವೂ ಬರುವುದೆಂಬ ಭರವಸೆಯಿಲ್ಲ.

ಈ ಎಲ್ಲ ವಿಚಾರದ ಸಾರವನ್ನು ನಮ್ಮ ಹಿರಿಯರ ನಡವಳಿಕೆಯಲ್ಲಿಯೇ ಕಾಣಬಹುದು. ಓಲೆಯು ಹುಳುವಿಗೂ ತೇವಕ್ಕೂ ತುತ್ತಾಗುವ ವಸ್ತುವೆಂದು ಅವರು ಬಲ್ಲವರಾದುದರಿಂದ, ಹಳೆಯದು ಪೂರಾ ಶಿಥಿಲವಾಗುವುದಕ್ಕೆ ಮೊದಲೇ ಹೊಸ ಪ್ರತಿಯನ್ನು ಬರೆಯಿಸುತ್ತಿದ್ದರು. ಶಾಸ್ತ್ರಗ್ರಂಥಗಳು ಸಾವಿರಾರು ವರ್ಷ ಉಳಿದುಬಂದುದು ಓಲೆಯ ಗಟ್ಟಿತನದಿಂದಲ್ಲ, ಪ್ರತಿ ಮಾಡುವವರ ಶ್ರದ್ಧೆಯಿಂದ. ಹಾರ್ಡ್ ಡಿಸ್ಕಿನ ಆಯುಸ್ಸು ಓಲೆಯದಕ್ಕಿಂತ ಬಹಳ ಕಡಿಮೆ. ಕೆಲವು ವರ್ಷಗಳ ಬಳಕೆಯ ಮೇಲೆ ಅದು ಯಾವ ಮುನ್ಸೂಚನೆಯನ್ನೂ ಕೊಡದೆ ನಿಂತುಹೋಗಬಹುದು. ತಾಯಿಯ ಧ್ವನಿಯಂಥ ಪುನಃ ದೊರೆಯದ ವಸ್ತುವಿಗೆ ಎರಡು ಪ್ರತಿಗಳಾದರೂ ಇರಬೇಕು. ಎರಡನೆಯದು ಬೇರೊಂದು ಮನೆಯಲ್ಲಿ, ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇರುವುದು ಒಳ್ಳೆಯದು. ಯಾವ ಪ್ರತಿಯಲ್ಲಿ ಏನಿದೆ, ಎಂದು ಮಾಡಿದ್ದು, ಯಾವ ಲಿಪಿಯದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಕಿನ ಮೇಲೆ ಅಂಟಿಸಿದರೆ ಮುಂದೆ ನೋಡುವವರಿಗೆ ಉಪಕಾರವಾಗುವುದು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ಒರೆಸಿ ಪೂಜೆಗಿಡುವಾಗ, ಈ ಎರಡು ಡಿಸ್ಕುಗಳನ್ನೂ ಒಮ್ಮೆ ತೆರೆದು ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ ಮರೆಯುವ ಭಯವಿಲ್ಲ.

ಮುಂದಿನ ಸಂಚಿಕೆಯಲ್ಲಿ, ಹಳೆಯ ಕ್ಯಾಸೆಟ್ಟುಗಳಲ್ಲಿರುವ ಹಾಡುಗಳನ್ನು ಕೆಡುವುದಕ್ಕೆ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕ್ರಮವನ್ನು ವಿಚಾರಿಸೋಣ.